ರೆಮಿಂಗ್ಟನ್ 700ಕ್ಕೆ ಟಿಮ್ನಿಯೋ, ಟ್ರಿಗರ್‌ಟೆಕ್ಕೋ?

ಟಿಮ್ನಿ, ಟ್ರಿಗರ್‌ಟೆಕ್ ಎರಡೂ ರೈಫಲ್‌ಗೆ ಹಾಕುವ ಬದಲಿ ಟ್ರಿಗರ್ ಮಾಡುವ ಕಂಪನಿಗಳು. ಅಮೆರಿಕದಲ್ಲಿ ಜಿಂಕೆ ಬೇಟೆಗೆ ರೆಮಿಂಗ್ಟನ್ 700 ರೈಫಲ್ ಹಿಡಿಯುವವರಿಗೆ ಮೊದಲು ಬೇಕಾದದ್ದು ತೂಕದ ಲೆಕ್ಕ, ಅಂದರೆ ಟ್ರಿಗರ್ ಎಳೆಯಲು ಎಷ್ಟು ಬಲ ಬೇಕು ಅನ್ನುವುದು. ಕಾಡಿಗೆ ಸುಮಾರು 3 ಪೌಂಡ್, ಅಂದರೆ 1.36 ಕಿಲೋ ಸಾಕು. 1.5 ಪೌಂಡ್ ಏನಿದ್ದರೂ ಬಂದೂಕನ್ನು ಮೇಜಿನ ಮೇಲಿಟ್ಟು ಗುರಿ ಹೊಡೆಯುವವರಿಗೆ ಸರಿ. ಚಳಿಗೆ ದಪ್ಪ ಗ್ಲೌಸ್ ಹಾಕಿದ ಬೆರಳಿಗೆ ಅದು ತಾಗಿದ್ದೇ ತಿಳಿಯದು, ಗುಂಡು ಹಾರಿರುತ್ತದೆ.

ಟಿಮ್ನಿಯದು ಹಳೇ ಪದ್ಧತಿ: ಟ್ರಿಗರ್ ಮತ್ತು ಸಿಯರ್ (ಗುಂಡು ಸಿಡಿಸುವ ಪಿನ್ನನ್ನು ತಡೆದು ಹಿಡಿಯುವ ಪುಟ್ಟ ತುಂಡು) ಒಂದರ ಮೇಲೊಂದು ಜಾರಿ ಬಿಡುತ್ತವೆ. ತೂಕದ ಸ್ಕ್ರೂ ಜೊತೆ ಸಿಯರ್ ಹಿಡಿತದ ಸ್ಕ್ರೂ ಕೂಡ ಇದೆ. ಕೈ ಚಪಲಕ್ಕೆ ಅದನ್ನು ಮುಟ್ಟಬೇಡಿ. ಹಿಡಿತ ತೀರಾ ಕಡಿಮೆಯಾದರೆ ಬೋಲ್ಟ್ (ಗುಂಡು ತುಂಬಿ ಮುಚ್ಚುವ ಭಾಗ) ಜೋರಾಗಿ ಮುಚ್ಚಿದಾಗಲೇ ಸಿಯರ್ ಬಿಟ್ಟುಕೊಳ್ಳಬಹುದು.

ಟ್ರಿಗರ್‌ಟೆಕ್‌ನಲ್ಲಿ ನಡುವೆ ಪುಟ್ಟ ರೋಲರ್ ಇದೆ. ಜಾರುವ ಬದಲು ಉರುಳುತ್ತದೆ. ಹಾಗಾಗಿ ಎಳೆತದಲ್ಲಿ ತಡವರಿಕೆ ಇಲ್ಲ. ಹಿಡಿತ ಬದಲಿಸುವ ಸ್ಕ್ರೂ ಇಲ್ಲದಿರುವುದೇ ಬೇಟೆಗಾರನಿಗೆ ಲಾಭ. ನನ್ನ ಓಟು ಇದಕ್ಕೇ.

ಯಾವುದನ್ನೇ ಹಾಕಿ, ಒಳಗೆ ಎಣ್ಣೆ ಬಿಡಬೇಡಿ. ಚಳಿಗೆ ಅದು ಗಟ್ಟಿಯಾಗಿ ಸಿಯರ್ ಮೇಲೇಳುವುದು ತಡವಾಗುತ್ತದೆ. ಆಮೇಲೆ ಖಾಲಿ ಬಂದೂಕಿನಲ್ಲಿ ಪರೀಕ್ಷೆ: ಬೋಲ್ಟ್ ಎತ್ತಿ ಮುಚ್ಚಿ ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಎಳೆದು ಬಿಡಿ, ಸೇಫ್ಟಿ ತೆಗೆಯಿರಿ. ಆಗ ‘ಟಕ್’ ಅಂದರೆ ಬಿಚ್ಚಿ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.