ಅಳತೆ ಬರೆಯದ ಜಾಬ್ ಕಾರ್ಡಿಗೆ ಒಪ್ಪಿಗೆ ಕೊಡಬೇಡಿ: ಐಷಾರಾಮಿ ಕಾರಿನ ಬ್ರೇಕ್ ಕೆಲಸದ ಬಗ್ಗೆ ಒಂದು ಎಚ್ಚರಿಕೆ

ಮೈಸೂರು, ಮಂಡ್ಯದಲ್ಲಿ ಜರ್ಮನ್ ಕಾರು ಇಟ್ಟುಕೊಂಡಿರುವವರು ಬ್ರೇಕ್ ಕೆಲಸಕ್ಕೆ ಗಾಡಿ ಬಿಡುವ ಮೊದಲು ಇದನ್ನು ಓದಿ. ಬಿಟ್ಟ ಮೇಲೆ ಓದಿದರೆ ಅರ್ಧ ಪ್ರಯೋಜನ ಅಷ್ಟೇ.

ಕುವೆಂಪುನಗರದ ಒಂದು ಮನೆಯ ಸೆಡಾನ್. ಐದು ವರ್ಷ ಹಳೆಯದು, ಓಡಿರುವುದು 46,000 ಕಿ.ಮೀ. ಬ್ರೇಕ್ ಪ್ಯಾಡಿನ ಹಳದಿ ದೀಪ ಹತ್ತಿಕೊಂಡಿತು. ಅಧಿಕೃತ ಷೋರೂಮಿನವರು ಮನೆ ಬಾಗಿಲಿಗೇ ಬಂದು ಗಾಡಿ ತೆಗೆದುಕೊಂಡು ಹೋದರು. ಮಧ್ಯಾಹ್ನಕ್ಕೆ ವಾಟ್ಸಾಪಿನಲ್ಲಿ ಎಸ್ಟಿಮೇಟು ಬಂತು: ಚಕ್ರದ ಜೊತೆ ತಿರುಗುವ ನಾಲ್ಕು ಡಿಸ್ಕು, ಅವನ್ನು ಒತ್ತಿ ಹಿಡಿಯುವ ಹಿಂದಿನ ಮುಂದಿನ ಪ್ಯಾಡು, ಪ್ಯಾಡು ಸವೆದದ್ದನ್ನು ತಿಳಿಸುವ ಎರಡು ಸೆನ್ಸರು, ಬ್ರೇಕ್ ಆಯಿಲ್, ಕೂಲಿ, ತೆರಿಗೆ ಸೇರಿ 1,38,000 ರೂಪಾಯಿ. ಜೊತೆಗೆ ತುಕ್ಕು ಹಿಡಿದ ಡಿಸ್ಕಿನ ಒಂದು ಫೋಟೊ. ಹಿಂದೆಯೇ ಫೋನು: "ಮೇಡಂ, ಸೇಫ್ಟಿ ವಿಷಯ, ರಿಸ್ಕ್ ತಗೋಬೇಡಿ. ಈಗಲೇ ಅಪ್ರೂವಲ್ ಕೊಟ್ಟರೆ ನಾಳೆ ಸಂಜೆ ಡೆಲಿವರಿ ಕೊಡ್ತೀವಿ." ಬ್ರೇಕ್ ಅಂದ ಮೇಲೆ ಬೇಡ ಅನ್ನುವ ಧೈರ್ಯ ಯಾರಿಗೆ ಬರುತ್ತದೆ? ಒಪ್ಪಿಗೆ ಕೊಟ್ಟರು.

ಡೆಲಿವರಿ ದಿನ ಬ್ರೇಕು ಬೆಣ್ಣೆಯಂತಿತ್ತು. ಎರಡು ತಿಂಗಳು ಕಳೆದು, ಸುಮಾರು 3,000 ಕಿ.ಮೀ. ಓಡಿದ ಮೇಲೆ, ಬೆಂಗಳೂರು ಹೆದ್ದಾರಿಯಲ್ಲಿ ಮದ್ದೂರಿನ ಹತ್ತಿರ 90ರ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟಿಯರಿಂಗು ಗಡಗಡ ನಡುಗಿತು. ಷೋರೂಮಿನಿಂದ ಸಿಕ್ಕ ಉತ್ತರಗಳು ಮೂರು. ಮೊದಲು "ಹೊಸ ಪ್ಯಾಡು, ಸೆಟ್ ಆಗಬೇಕು." ಆಮೇಲೆ "ಅಲಾಯ್ ಬೆಂಡ್ ಆಗಿದೆ, ಎರಡು ಅಲಾಯ್ ಹಾಕಿಸಿ." ಕೊನೆಗೆ "ನಿಮ್ಮ ಡ್ರೈವಿಂಗ್ ಸ್ಟೈಲ್ ಮೇಡಂ. ಡೆಲಿವರಿ ತಗೊಳ್ಳುವಾಗ ನೀವೇ ಚೆನ್ನಾಗಿದೆ ಅಂದಿದ್ರಲ್ಲ."

ಗಾಡಿ ಬಿಡುವಾಗ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆಯೇ ಜಾಬ್ ಕಾರ್ಡು. ಈ ಕಾರಿನ ಜಾಬ್ ಕಾರ್ಡನ್ನೊಮ್ಮೆ ನೋಡಬೇಕು. ದೂರಿನ ಜಾಗದಲ್ಲಿ "ಬ್ರೇಕ್ ವಾರ್ನಿಂಗ್, ಚೆಕ್ ಅಂಡ್ ಅಡ್ವೈಸ್" ಎಂಬ ಒಂದೇ ಸಾಲು. ಅದಕ್ಕೆ ಪಿನ್ ಮಾಡಿದ ತಪಾಸಣೆ ಹಾಳೆಯಲ್ಲಿ ಪ್ರತಿ ಚಕ್ರಕ್ಕೂ ಎರಡೆರಡು ಚೌಕ, ಪ್ಯಾಡಿನ ದಪ್ಪಕ್ಕೊಂದು, ಡಿಸ್ಕಿನ ದಪ್ಪಕ್ಕೊಂದು. ಎಂಟು ಚೌಕಗಳಲ್ಲಿ ಒಂದಂಕಿಯೂ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ "ರೀಪ್ಲೇಸ್" ಎಂದು ಗೀಚಿದ್ದಾರೆ. 1,38,000 ರೂಪಾಯಿಗೆ ಆಧಾರ ಆ ಗೆರೆಯೊಂದೇ.

ಬ್ರೇಕಿನಲ್ಲಿ ಅಂದಾಜಿಗೆ ಜಾಗವಿಲ್ಲ, ಎಲ್ಲದಕ್ಕೂ ಅಳತೆ ಇದೆ. ಡಿಸ್ಕು ಎಷ್ಟು ತೆಳುವಾಗುವವರೆಗೆ ಬಳಸಬಹುದು ಎಂಬುದನ್ನು ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ "ಮಿನ್ ಟಿಎಚ್" ಎಂದು ಇಂಗ್ಲಿಷ್ ಅಕ್ಷರ, ಮುಂದೆ ಮಿ.ಮೀ. ಸಂಖ್ಯೆ. ಹೊಸದರಲ್ಲಿ 24 ಮಿ.ಮೀ. ಇರುವ ಡಿಸ್ಕಿಗೆ 22.4, 20 ಮಿ.ಮೀ.ನದಕ್ಕೆ 18.4, ಹೀಗೆ. ಅಂದರೆ ಎರಡೂ ಮುಖ ಸೇರಿ ಸವೆಯಲು ಇರುವ ಅವಕಾಶ ಹೆಚ್ಚುಕಡಿಮೆ ಒಂದೂವರೆ ಮಿ.ಮೀ. ಅದನ್ನು ಕಣ್ಣಳತೆಯಲ್ಲಿ ಹೇಳಲು ಯಾರಿಂದಲೂ ಆಗುವುದಿಲ್ಲ. ಸಾಮಾನ್ಯ ವರ್ನಿಯರ್ ಹಿಡಿದರೂ ಮೋಸವಾಗುತ್ತದೆ. ಪ್ಯಾಡು ತಾಗದ ಹೊರ ಅಂಚಿನಲ್ಲಿ ಸವೆಯದ ಏಣು ಉಳಿದಿರುತ್ತದೆ, ವರ್ನಿಯರ್ ಅದನ್ನೇ ಕಚ್ಚಿಕೊಂಡು ಜಾಸ್ತಿ ದಪ್ಪ ತೋರಿಸುತ್ತದೆ. ಅಂಚಿನಿಂದ 10ರಿಂದ 15 ಮಿ.ಮೀ. ಒಳಗೆ, ಮೈಕ್ರೊಮೀಟರಿನಲ್ಲಿ, ಸುತ್ತಲೂ ಆರೆಂಟು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಬರೆಯಬೇಕು.

ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 11, 12 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸಬೇಕು, ಅದರಲ್ಲಿ ಚೌಕಾಸಿ ಬೇಡ. ಹಿಂದಿನ ಕಬ್ಬಿಣದ ಪಟ್ಟಿಯನ್ನು ಸೇರಿಸಿ ಅಳೆಯಬಾರದು. ಅಲಾಯ್ ಸಂದಿಯಿಂದ ಬಗ್ಗಿ ನೋಡಿದರೆ ಕಾಣುವುದು ಹೊರಗಿನ ಪ್ಯಾಡು ಮಾತ್ರ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ ಕ್ಯಾಲಿಪರು. ಒಂದೇ ಕಡೆ ಪಿಸ್ಟನ್ ಇರುವ ಕ್ಯಾಲಿಪರಿನಲ್ಲಿ ಅದರ ಜಾರುವ ಪಿನ್ನು ಹಿಡಿದುಕೊಂಡರೆ ಒಳಗಿನದು ಬೇಗ ಸವೆದು, ಹೊರಗೆ 7 ಮಿ.ಮೀ. ಇರುವಾಗ ಒಳಗೆ 2 ಇರಬಹುದು. ನಾಲೆ ಏರಿಯ ಮೇಲೆ, ಗದ್ದೆ ಬಯಲಿನ ಕೆಸರು ದಾರಿಯಲ್ಲಿ ದಿನಾ ಓಡುವ ಮಂಡ್ಯ ಕಡೆಯ ಗಾಡಿಗಳು ಇದನ್ನು ಗಮನಿಸಲೇಬೇಕು. ಪಿನ್ನಿನ ರಬ್ಬರ್ ಬೂಟು ಹರಿದಿದ್ದರೆ ಕೆಸರು ನೀರು ನೇರ ಒಳಗೆ ಹೋಗುತ್ತದೆ. ಬರೀ ಪ್ಯಾಡು ಬದಲಿಸಿ ಪಿನ್ನನ್ನು ಹಾಗೇ ಬಿಟ್ಟರೆ ಹೊಸ ಪ್ಯಾಡಿಗೂ ಅದೇ ಗತಿ. ಗ್ರೀಸು ಹಚ್ಚುವುದಾದರೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸು. ಬೇರಿಂಗಿಗೆ ಹಾಕುವ ಗ್ರೀಸು ಹಚ್ಚಿದರೆ ರಬ್ಬರು ಊದಿಕೊಂಡು ಪಿನ್ನು ಮತ್ತೆ ಹಿಡಿಯುತ್ತದೆ.

ಆ ತುಕ್ಕಿನ ಫೋಟೊ ವಿಷಯ. ಡಿಸ್ಕು ಎರಕದ ಕಬ್ಬಿಣ. ಒಂದು ರಾತ್ರಿ ಮಳೆಯಲ್ಲಿ ನಿಂತರೆ ಸಾಕು, ಬೆಳಿಗ್ಗೆ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಗಾಡಿ ತೊಳೆದ ಅರ್ಧ ಗಂಟೆಗೆ ತೆಗೆದ ಫೋಟೊ ಕಳಿಸಿ ಹೆದರಿಸುವುದು ತಪ್ಪು, ತುಂಬಾ ದೊಡ್ಡ ತಪ್ಪು. ಬೆರಳಿಗೆ ತಗಲುವಷ್ಟು ಗುಳಿ ಬಿದ್ದಿದ್ದರೆ, ಬಿರುಕು ಬಿಟ್ಟಿದ್ದರೆ ಆ ಮಾತು ಬೇರೆ.

ಈ ಕಾರಿನ ಹಳೆಯ ಡಿಸ್ಕುಗಳು ಗುಜರಿಗೆ ಹೋಗುವ ಮೊದಲೇ ಕೈಗೆ ಸಿಕ್ಕವು. ಮುಂದಿನವು 22.8, ಮಿತಿ 22.4. ಹಿಂದಿನವು 19.5, ಮಿತಿ 18.4. ಹಿಂದಿನ ಪ್ಯಾಡು ಇನ್ನೂ 6 ಮಿ.ಮೀ. ಉಳಿದಿತ್ತು. ಮುಂದಿನ ಡಿಸ್ಕು ಬದಲಿಸಿದ್ದನ್ನು ಒಪ್ಪಬಹುದು. ಇನ್ನು 0.4 ಮಿ.ಮೀ. ಬಾಕಿಯಿದ್ದರೂ ಹೊಸ ಪ್ಯಾಡು ಮುಗಿಯುವ ಮೊದಲೇ ಡಿಸ್ಕು ಮಿತಿಗಿಂತ ಕೆಳಗಿಳಿಯುತ್ತಿತ್ತು. ಹಿಂದಿನದಕ್ಕೆ ಖರ್ಚು ಮಾಡಿಸಿದ ಪ್ರತಿ ರೂಪಾಯಿಯೂ ದಂಡ. ಹಿಂದಿನ ಸೆನ್ಸರು ಕೂಡ. ಬಿಎಂಡಬ್ಲ್ಯೂದಂಥ ಕಾರುಗಳಲ್ಲಿ ಮುಂದಿನ ಜೋಡಿಗೆ ಒಂದು, ಹಿಂದಿನ ಜೋಡಿಗೆ ಒಂದು ಸೆನ್ಸರು ಇರುತ್ತದೆ. ಪ್ಯಾಡಿನ ಜೊತೆ ಸವೆದು ತಂತಿ ತುಂಡಾದದ್ದು ಯಾವುದೋ ಅದನ್ನಷ್ಟೇ ಬದಲಿಸಿದರೆ ಸಾಕು. ಯಾವ ಕಡೆಯ ದೀಪ ಎಂದು ಸ್ಕ್ಯಾನರ್ ಹಾಕಿದರೆ ಗೊತ್ತಾಗುತ್ತದೆ. ಆ ಪ್ರಿಂಟ್ ಕೇಳಿ ಪಡೆಯಿರಿ.

ಇನ್ನು ಆ ನಡುಕ. ಎಲ್ಲರೂ "ಡಿಸ್ಕ್ ಬೆಂಡ್" ಅನ್ನುತ್ತಾರೆ, ಬಹುಪಾಲು ಅದು ಬೆಂಡಲ್ಲ, ಕೂರಿಸಿದ ತಪ್ಪು. ಹಳೆಯ ಡಿಸ್ಕು ಬಿಚ್ಚಿದಾಗ, ಡಿಸ್ಕೂ ಚಕ್ರವೂ ಕೂರುವ ಹಬ್ಬಿನ ಮುಖದ ಮೇಲೆ ತುಕ್ಕಿನ ಹೊಪ್ಪಳಿಕೆ ಇರುತ್ತದೆ. ಅದನ್ನು ತಂತಿ ಬ್ರಷ್ಷಿನಲ್ಲೋ ತಿಕ್ಕುವ ಪ್ಯಾಡಿನಲ್ಲೋ ಲೋಹ ಹೊಳೆಯುವವರೆಗೆ ಉಜ್ಜಬೇಕು, ಬೋಲ್ಟಿನ ತೂತುಗಳ ಸುತ್ತಲೂ ಬಿಡಬಾರದು. ಚಕ್ರಕ್ಕೆ ಹದಿನೈದು ನಿಮಿಷದ ಕೆಲಸ. ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. ಹಬ್ಬಿನ ಬಳಿ 0.05 ಮಿ.ಮೀ. ಪುಡಿ ಸಿಕ್ಕಿಕೊಂಡರೆ ಡಿಸ್ಕಿನ ಅಂಚಿಗೆ ಬರುವಷ್ಟರಲ್ಲಿ ಆ ಓಲಾಟ ಸುಮಾರು ಇಮ್ಮಡಿಯಾಗುತ್ತದೆ. ಡಿಸ್ಕು ತಿರುಗುವಾಗ ಪ್ರತಿ ಸುತ್ತಿನಲ್ಲೂ ಒಂದೇ ಜಾಗ ಪ್ಯಾಡಿಗೆ ತಗಲುತ್ತದೆ, ಬ್ರೇಕ್ ಒತ್ತದಿದ್ದರೂ. ಆ ಜಾಗ ನಿಧಾನವಾಗಿ ತೆಳುವಾಗುತ್ತದೆ. ದಪ್ಪದಲ್ಲಿ ಕೂದಲೆಳೆಗಿಂತ ಕಡಿಮೆ, 0.02 ಮಿ.ಮೀ.ನಷ್ಟು ವ್ಯತ್ಯಾಸ ಬಂದರೂ ಸಾಕು, ಪೆಡಲು ಮಿಡಿಯುತ್ತದೆ, ಸ್ಟಿಯರಿಂಗು ನಡುಗುತ್ತದೆ. ಡೆಲಿವರಿ ದಿನ ಚೆನ್ನಾಗಿದ್ದು ಕೆಲವು ಸಾವಿರ ಕಿ.ಮೀ. ಆದಮೇಲೆ ಶುರುವಾಗುವುದು ಇದಕ್ಕೇ. "ಅವತ್ತು ಚೆನ್ನಾಗಿದೆ ಅಂದಿದ್ರಲ್ಲ" ಎಂಬ ಮಾತಿಗೆ ಉತ್ತರವೂ ಇದೇ.

ಕೂರಿಸಿದ್ದು ಸರಿಯೇ ಎಂದು ನೋಡಲು ಓಲಾಟ ಅಳೆಯುವ ಡಯಲ್ ಗೇಜ್ ಬೇಕು. ಎಲ್ಲ ಬೋಲ್ಟುಗಳನ್ನೂ ಬಿಗಿದು ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿಸಿ, ಅಂಚಿನಿಂದ 10 ಮಿ.ಮೀ. ಒಳಗೆ ಮುಳ್ಳು ಇಟ್ಟು, ಕೈಯಲ್ಲಿ ಒಂದು ಸುತ್ತು ತಿರುಗಿಸುವುದು. 0.05ರ ಒಳಗಿದ್ದರೆ ನಿಶ್ಚಿಂತೆ. 0.1 ದಾಟಿದರೆ ಬಿಚ್ಚಿ, ಮತ್ತೆ ಉಜ್ಜಿ, ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿ ನೋಡಬೇಕು. ಈ ಕಾರಿನ ಎಡ ಮುಂಭಾಗದಲ್ಲಿ ಬಂದದ್ದು 0.13. ಡಿಸ್ಕು ಬಿಚ್ಚಿದರೆ ಹಬ್ಬಿನ ಮೇಲೆ ಕಡಲೆಬೇಳೆ ಅಗಲದ ತುಕ್ಕಿನ ಚಕ್ಕೆ, ಹೊಸ ಡಿಸ್ಕಿನ ಒಳಮುಖದಲ್ಲಿ ಅದರದೇ ಗುರುತು.

ಎರಡನೆಯ ತಪ್ಪು ಗನ್ನು. ಚಕ್ರದ ಬೋಲ್ಟನ್ನು ಗಾಳಿ ಗನ್ನಿನಲ್ಲಿ ಗರ್ ಎನಿಸಿ ಬಿಟ್ಟರೆ ಒಂದು ಬೋಲ್ಟು 90, ಇನ್ನೊಂದು 220 ನ್ಯೂಟನ್ ಮೀಟರ್ ಬಿಗಿಯಾಗಿ ಡಿಸ್ಕು ಓರೆಯಾಗಿ ಕೂರುತ್ತದೆ. ಈ ವರ್ಗದ ಕಾರುಗಳಿಗೆ ಮಾಡೆಲ್ ನೋಡಿಕೊಂಡು ಸಾಮಾನ್ಯವಾಗಿ 120ರಿಂದ 140. ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದು, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ ಆಗಬೇಕು. ಪಂಕ್ಚರ್ ಅಂಗಡಿಯಲ್ಲೂ ಇದನ್ನು ಕೇಳಿ.

ಅಲಾಯ್ ಬೆಂಡೋ ಬ್ರೇಕೋ ಎಂದು ನೀವೇ ಪತ್ತೆ ಹಚ್ಚಬಹುದು. ಬ್ರೇಕ್ ಒತ್ತದೆ ಓಡುವಾಗಲೂ ನಡುಕವಿದ್ದರೆ ಟೈರು, ಬ್ಯಾಲೆನ್ಸು, ಅಲಾಯ್ ನೋಡಿಸಿ. ಒತ್ತಿದಾಗ ಮಾತ್ರ ಬಂದರೆ ಅನುಮಾನ ಮೊದಲು ಬ್ರೇಕಿನ ಮೇಲೆ. ಸ್ಟಿಯರಿಂಗು ನಡುಗಿದರೆ ಮುಂದಿನದು, ಸೀಟು ನಡುಗಿದರೆ ಹಿಂದಿನದು. ರಿಂಗ್ ರಸ್ತೆಯಲ್ಲಿ ಹಿಂದೆ ಮುಂದೆ ವಾಹನವಿಲ್ಲದಾಗ 80ರಿಂದ 40ಕ್ಕೆ ಹದವಾಗಿ ಇಳಿಸಿ ನೋಡಿ. ಪಕ್ಕದ ಸೀಟಿನಲ್ಲಿ ಷೋರೂಮಿನ ಸರ್ವಿಸ್ ಅಡ್ವೈಸರ್ ಅಲ್ಲ, ವರ್ಕ್‌ಷಾಪಿನ ಫೋರ್‌ಮನ್ ಕೂತಿರಲಿ. ಅವರಿಗೆ ನಡುಕ ಗೊತ್ತಾದರೆ ಜಾಬ್ ಕಾರ್ಡಿನಲ್ಲಿ ಅಲ್ಲೇ ಬರೆಸಿ.

ಬ್ರೇಕ್ ಆಯಿಲ್ ಇದೆಲ್ಲಕ್ಕಿಂತ ಅಪಾಯದ ವಿಷಯ, ಏಕೆಂದರೆ ಇಲ್ಲಿನ ಮೋಸ ಕಣ್ಣಿಗೆ ಕಾಣುವುದಿಲ್ಲ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಊಟಿಯಿಂದ ಗೂಡಲೂರು ಘಾಟಿ ಇಳಿದು ಬಂಡೀಪುರದ ಮೇಲೆ ಮೈಸೂರಿಗೆ ಬರುವವರು ನಮ್ಮಲ್ಲಿ ಎಷ್ಟೋ ಜನ. ಅಂಥ ಇಳಿಜಾರಿನಲ್ಲಿ ಹಳೆಯ ಆಯಿಲ್ ಕುದಿದು ಆವಿಯಾದರೆ ಪೆಡಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ, ಕಿ.ಮೀ. ಎಷ್ಟೇ ಓಡಿರಲಿ, ಬದಲಿಸುವುದು. ಇಳಿಯುವಾಗ ಕಡಿಮೆ ಗೇರಿನಲ್ಲಿ ಇಂಜಿನ್ ಬ್ರೇಕು ಬಳಸಿ, ಆಟೊಮ್ಯಾಟಿಕ್ ಗಾಡಿಯಾದರೂ ಸರಿ.

ಮೇಲಿನ ಡಬ್ಬಿಯ ಆಯಿಲನ್ನು ಸಿರಿಂಜಿನಲ್ಲಿ ಎಳೆದು ಹೊಸದು ಸುರಿದರೆ ಬಣ್ಣ ತಿಳಿಯಾಗಿ ಕಾಣುತ್ತದೆ. ಹಳೆಯದು ಪೈಪಿನಲ್ಲಿ, ಕ್ಯಾಲಿಪರಿನಲ್ಲಿ, ಅಂದರೆ ಬಿಸಿಯಾಗುವ ಜಾಗದಲ್ಲೇ ಉಳಿದಿರುತ್ತದೆ. ಈ ಕಾರಿನ ಬಿಲ್ಲಿನಲ್ಲಿ 1 ಲೀಟರ್ ಆಯಿಲ್ ಇತ್ತು. ಹಿಂದಿನ ಎರಡೂ ಕ್ಯಾಲಿಪರಿನಲ್ಲಿ ಹಳೆಯ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್ಲಿನ ರಬ್ಬರ್ ಟೋಪಿಯ ಮೇಲೆ ವರ್ಷಗಳ ಧೂಳು ಕೂತಿತ್ತು, ಸ್ಪ್ಯಾನರ್ ತಾಗಿದ ಗುರುತೂ ಇಲ್ಲ. ನಿಪ್ಪಲ್ ಬಿಚ್ಚಿದರೆ ಬಂದದ್ದು ಕಾಫಿ ಡಿಕಾಕ್ಷನ್ ಬಣ್ಣದ್ದು. ನೀವು ನೋಡಬೇಕಾದದ್ದೂ ಅದೇ: ನಾಲ್ಕು ನಿಪ್ಪಲ್ಲಿನಲ್ಲಿ ಹೊಸ ಸ್ಪ್ಯಾನರ್ ಗುರುತು, ಮತ್ತು ಖಾಲಿಯಾದ ಸೀಲ್ಡ್ ಡಬ್ಬ. ಡಾಟ್ 5 ಎಂಬುದು ಸಿಲಿಕೋನಿನದು, ಇವುಗಳಿಗೆ ಬೆರೆಸಬಾರದು. ಡಾಟ್ 5.1 ಬೇರೆ, ಹೆಸರು ನೋಡಿ ಗೊಂದಲವಾಗಬೇಡಿ.

ಷೋರೂಮಿನ ಸಹವಾಸವೇ ಬೇಡ ಎಂದು ಹೊರಗಿನ ಗ್ಯಾರೇಜಿಗೆ ಓಡುವವರಿಗೂ ಒಂದು ಮಾತು. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕಿನ ಮೋಟರು ಹಿಂದಿನ ಕ್ಯಾಲಿಪರಿನಲ್ಲೇ ಇರುವ ಗಾಡಿಯಲ್ಲಿ, ಮೊದಲು ಸ್ಕ್ಯಾನರಿನಿಂದ ಸರ್ವಿಸ್ ಮೋಡಿಗೆ ಹಾಕಿ ಮೋಟರನ್ನು ಹಿಂದಕ್ಕೆ ಎಳೆಸಬೇಕು. ಹಾಗೆ ಮಾಡದೆ ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತಿದರೆ ಒಳಗಿನ ಸ್ಕ್ರೂ, ಗೇರು ಹಾಳಾಗಿ ಪ್ಯಾಡಿನ ಉಳಿತಾಯ ಕ್ಯಾಲಿಪರಿಗೆ ಹೋಗುತ್ತದೆ. ಸ್ಕ್ಯಾನರ್ ಇಲ್ಲದವರ ಕೈಗೆ ಹಿಂದಿನ ಬ್ರೇಕು ಕೊಡಬೇಡಿ. ಆದರೆ ಷೋರೂಮಿನ ಡಬ್ಬಿಯ ಪ್ಯಾಡು ಮಾತ್ರ ಪ್ಯಾಡು ಎಂಬುದು ಸುಳ್ಳು. ಕಾರು ಕಂಪನಿಗಳಿಗೆ ಪ್ಯಾಡು ಮಾಡಿಕೊಡುವ ಎಷ್ಟೋ ತಯಾರಕರು ತಮ್ಮದೇ ಡಬ್ಬಿಯಲ್ಲೂ ಮಾರುತ್ತಾರೆ. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಬಿಗಿಹಿಡಿದಿದ್ದಾರೆ ಎಂದು ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು.

ಗಾಡಿ ಬಿಡುವಾಗ ಜಾಬ್ ಕಾರ್ಡಿನಲ್ಲಿ ಮೂರು ಸಾಲು ಬರೆಸಿ: ನಾಲ್ಕು ಚಕ್ರದ ಪ್ಯಾಡು ಮತ್ತು ಡಿಸ್ಕಿನ ಅಳತೆ ಮಿ.ಮೀ.ನಲ್ಲಿ ಕೊಡದೆ ಕೆಲಸ ಶುರು ಮಾಡಬಾರದು, ಹಳೆಯ ಭಾಗಗಳೆಲ್ಲ ವಾಪಸ್ ಬೇಕು, ಡಿಸ್ಕು ಬದಲಿಸಿದರೆ ಡಯಲ್ ಗೇಜಿನ ಅಳತೆ ಬರೆಯಬೇಕು. ಪಿಕಪ್ಪಿಗೆ ಬಂದವರ ಮುಂದೆ ಮೀಟರಿನ ಫೋಟೊ ತೆಗೆಯಿರಿ. ಒಪ್ಪಿಗೆಯನ್ನು ಫೋನಿನಲ್ಲಿ ಕೊಡಬೇಡಿ, ಮೇಲ್ ಮಾಡಿ, ಸಾಲು ಸಾಲಾಗಿ ಯಾವುದಕ್ಕೆ ಹೂಂ, ಯಾವುದಕ್ಕೆ ಉಹೂಂ ಎಂದು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18, ಬಿಲ್ಲಿನಲ್ಲಿ ಹಳೆಯ 28 ಉಳಿದಿದೆಯೇ ನೋಡಿ. ಡೆಲಿವರಿ ಹೊತ್ತಿಗೆ ಅಡ್ವೈಸರ್ "ಕಂಪನಿಯಿಂದ ಫೋನ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸಾರ್" ಎಂದು ಕೈಮುಗಿಯುತ್ತಾರೆ. ಹೊಸ ಡಿಸ್ಕು ಹಾಕಿಸಿ ಒಂದು ಸಾವಿರ ಕಿ.ಮೀ. ಆಗುವವರೆಗೆ ಅಂಕ ಕೊಡಬೇಡಿ. ಆ ಅಂಕಕ್ಕೆ ಅವರ ಮೇಲಿನವರು ಹೆದರುವಷ್ಟು ನಿಮ್ಮ ಕೂಗಾಟಕ್ಕೆ ಹೆದರುವುದಿಲ್ಲ.

ಆಗಲೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಷೋರೂಮು ಬೆಂಗಳೂರಿನಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮೈಸೂರಿನವರು ಮೈಸೂರಿನಲ್ಲಿ, ಮಂಡ್ಯದವರು ಮಂಡ್ಯದಲ್ಲಿ. ಎರಡು ವರ್ಷದೊಳಗೆ ಕೊಡಬೇಕು. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಕುವೆಂಪುನಗರದ ಕಾರಿಗೆ ಮುಂದಿನ ಎರಡು ಡಿಸ್ಕು, ಪ್ಯಾಡು, ಆಯಿಲ್ ಎಲ್ಲವನ್ನೂ ಷೋರೂಮಿನವರು ಮತ್ತೆ ಪುಕ್ಕಟೆ ಹಾಕಿಕೊಟ್ಟರು. 0.13 ಎಂದು ತೋರಿಸುವ ಗೇಜಿನ ಫೋಟೊ ಮೇಲ್‌ನಲ್ಲಿ ಹೋದ ಮರುದಿನವೇ. ಹಿಂದಿನ ಡಿಸ್ಕಿನ ಹಣ ಇನ್ನೂ ವಾಪಸ್ ಬಂದಿಲ್ಲ. ಹಳೆಯ ಡಿಸ್ಕುಗಳನ್ನು ಪೇಪರಿನಲ್ಲಿ ಸುತ್ತಿ, ಮಿತಿಯ ಅಚ್ಚು ಕಾಣುವ ಹಾಗೆ ಇಟ್ಟುಕೊಂಡಿದ್ದಾರೆ.