ನಮ್ಮ ಕ್ರೈಸ್ತ ನಂಬಿಕಿಗೆ ನೋವು ಮಾಡೋ ಪುಸ್ತಕ, ಸಿನಿಮಾ ಬಂದ್ರ ಬ್ಯಾನ್ ಕೇಳೋದು ಚಲೋನೋ, ಓದಿ ಉತ್ರ ಕೊಡೋದು ಚಲೋನೋ?

ಬೆಳಗಾವಿ ಕ್ಯಾಂಪಿನ ನಮ್ಮ ಹುಡುಗ್ರು ಇದನ್ನ ಭಾಳ ಕೇಳ್ತಾರ.

ಬ್ಯಾನ್ ಅಂದ್ರ ನಮ್ಮ ನೋವು ಎಲ್ರಿಗೂ ತಿಳೀತೈತಿ ಖರೆ, ಆದ್ರ 2006ರಾಗ ಡ್ಯಾನ್ ಬ್ರೌನ್ ಕಾದಂಬರಿ ಮ್ಯಾಲ ಮಾಡಿದ ‘ದ ಡಾ ವಿಂಚಿ ಕೋಡ್’ ಸಿನಿಮಾನ ತಮಿಳುನಾಡು, ಆಂಧ್ರದಾಗ ಬ್ಯಾನ್ ಮಾಡಿದ್ರು, ಹೈಕೋರ್ಟ್ ಅದನ್ನ ತೆಗದ್ಹಾಕ್ತು, ಆ ಕಾದಂಬರಿ ಓದಿದವ್ರ ಡೌಟ್ ಮಾತ್ರ ಹಂಗ ಉಳೀತು.

ಓದಿ ಉತ್ರ ಕೊಡಾಕ ಟೈಮ್ ಬೇಕು. ನಾ ಅದನ್ನ ಆರಿಸ್ಕೋತೀನಿ. ಕ್ರಿ.ಶ. 325ರ ನೈಸಿಯಾದ ಬಿಷಪ್‌ಗಳ ಸಭೆಯಾಗ ವೋಟ್ ಹಾಕಿ ಯೇಸುನ್ನ ದೇವ್ರು ಮಾಡಿದ್ರು ಅಂತ ಆ ಕಾದಂಬರಿ ಕಥಿ ಹೇಳ್ತೈತಿ, ಆದ್ರ ಅದಕ್ಕಿಂತ 250 ವರ್ಷಕ್ಕೂ ಮೊದ್ಲ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ, ಬೈಬಲ್‌ನಾಗಿರೋ ಪತ್ರದ 2ನೇ ಅಧ್ಯಾಯದಾಗ ಯೇಸುನ್ನ ಕರ್ತ, ಅಂದ್ರ ದೇವ್ರಿಗೆ ಅನ್ನೋ ಹೆಸರಿನಿಂದ, ಕರದಾನಲ್ರಿ! ನನ್ನ ತಂಗಿ ಮಗಳಿಗೆ ಬೆರಳಿಟ್ಟು ತೋರ್ಸಿದೆ, ಗಪ್ಪಾಗಿ ಓದಿ, ತಾನ ಪೆನ್ಸಿಲ್ ತಗೊಂಡು ಕೆಳಗ ಗೆರಿ ಎಳದ್ಲು.