ಹಜಾರದ ನೆಲ: ಕೆಂಪು ಗಾರೆ, ಆತ್ತಂಗುಡಿ ಅಥವಾ ವಿಟ್ರಿಫೈಡ್?

ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿರುವ ದಂಪತಿ ಈ ಮೂರರಲ್ಲಿ ಯಾವುದು ತಮಗೆ ಸೂಕ್ತವೆಂದು ಕೇಳಿದ್ದಾರೆ.

ಕೆಂಪು ಗಾರೆಗೆ ಬೇಕಾದದ್ದು ಸಿಮೆಂಟ್, ಮರಳು ಮತ್ತು ರೆಡ್ ಆಕ್ಸೈಡ್ ಪುಡಿಯಷ್ಟೇ ಆದ್ದರಿಂದ ಸಾಮಗ್ರಿ ಅಗ್ಗ. ಆದರೆ ಅದರ ಚೆಲುವೆಲ್ಲ ಗಾರೆಯವರ ಕೈಹದದಲ್ಲಿದ್ದು, ಬಲ್ಲವರು ವಿರಳವಾಗಿರುವುದರಿಂದ ಕೂಲಿಯೇ ಭಾರವಾಗುತ್ತದೆ. ಸಂದಿಲ್ಲದ, ಬರಿಗಾಲಿಗೆ ತಂಪಾದ ಈ ನೆಲ ಬಳಸಿದಷ್ಟೂ ಹೊಳಪೇರುತ್ತದೆ. ನನಗೆ ಅತ್ಯಂತ ಪ್ರಿಯವಾದದ್ದೂ ಇದೇ. ಬಿರುಕು ಬಿಟ್ಟರೆ ಮಾತ್ರ ಅದೇ ಬಣ್ಣದ ತೇಪೆ ಕೂರಿಸುವುದು ಕಷ್ಟ.

ತಮಿಳುನಾಡಿನ ಚೆಟ್ಟಿನಾಡು ಸೀಮೆಯ ಆತ್ತಂಗುಡಿ ಟೈಲನ್ನು ಗಾಜಿನ ಮೇಲೆ ಬಣ್ಣದ ಸಿಮೆಂಟ್ ಸುರಿದು, ಸುಡದೆ, ನೀರಿನಲ್ಲಿ ನೆನೆಸಿ ಗಟ್ಟಿಗೊಳಿಸುತ್ತಾರೆ. ಕೈಕೆಲಸದ ಹೂಬಳ್ಳಿ ಇದರ ಸೊಗಸು. ಆದರೆ ನಿಂಬೆರಸ ಅಥವಾ ಆಮ್ಲವಿರುವ ಕ್ಲೀನರ್ ಬಿದ್ದರೆ ಕಲೆ ಉಳಿಯುತ್ತದೆ. ಸಾಗಣೆಯಲ್ಲಿ ಒಡೆಯುವುದರಿಂದ ಕೆಲವನ್ನು ಹೆಚ್ಚಿಗೆ ತರಿಸಬೇಕು.

ವಿಟ್ರಿಫೈಡ್, ಅಂದರೆ ಹೆಚ್ಚಿನ ಶಾಖದಲ್ಲಿ ಸುಟ್ಟು ಗಾಜಿನಂತೆ ಗಟ್ಟಿಗೊಳಿಸಿದ ಟೈಲ್, ನೀರನ್ನು ಹೀರುವುದು ಸುಮಾರು ಶೇ. 0.5ರ ಒಳಗೆ, ಆದ್ದರಿಂದ ಕಲೆಯ ಚಿಂತೆ ಕಡಿಮೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದು ಕೆಲಸ ಬೇಗ ಮುಗಿಯಬೇಕಿದ್ದರೆ ವಿಟ್ರಿಫೈಡ್ ಅನುಕೂಲ. ಹಿರಿಯರಿದ್ದರೆ ಜಾರದ, ಹೊಳಪಿಲ್ಲದ (ಮ್ಯಾಟ್) ಮೇಲ್ಮೈಯನ್ನೇ ಆರಿಸಿರಿ. ನೆಲಮಹಡಿಯ ಸ್ವಂತ ಮನೆ, ನುರಿತ ಗಾರೆಯವರು ಮತ್ತು ನೀರುಣಿಸಿ ಕಾಯುವ ವ್ಯವಧಾನ ಇದ್ದರೆ ಕೆಂಪು ಗಾರೆ ಒಪ್ಪುತ್ತದೆ. ದಿನವೂ ಒರೆಸುವವರಿದ್ದರೆ, ಜಗಲಿಗೋ ಪೂಜಾಮನೆಯ ಮುಂದಕ್ಕೋ ಮಾತ್ರ ಆತ್ತಂಗುಡಿ ಹಾಸಿದರೂ ಸಾಕು.